ಅಜ್ಜಿಯನ್ನೂ ಕರೆದುಕೊಂಡು ಗ್ರಂಥಾಲಯಕ್ಕೆ ಬನ್ನಿ

ಮಕ್ಕಳೇ, ನಿಮ್ಮ ಮನೆಯ ಕಂದಾಯದ ರಸೀದಿಯನ್ನು ಎಂದಾದರೂ ಕೈಯಲ್ಲಿ ಹಿಡಿದು ಓದಿದ್ದೀರಾ? ಅಜ್ಜನ ಕಬ್ಬಿಣದ ಬೀರುವಿನಲ್ಲಿ, ಕರೆಂಟ್ ಬಿಲ್ಲು, ನೀರಿನ ಬಿಲ್ಲುಗಳ ಜೊತೆಯಲ್ಲಿ ಅದೂ ಇರುತ್ತದೆ. ಕೇಳಿ ತೆಗೆಸಿಕೊಳ್ಳಿ. ಆಸ್ತಿ ತೆರಿಗೆಯ ಕೆಳಗೆ ಕೆಲವು ಉಪಕರಗಳು ಇರುತ್ತವೆ. ಅವುಗಳಲ್ಲಿ ಒಂದು ‘ಗ್ರಂಥಾಲಯ ಕರ’. ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿ. ಕೆಲವು ಊರುಗಳ ರಸೀದಿಯಲ್ಲಿ ಎಲ್ಲ ಉಪಕರಗಳನ್ನೂ ಕೂಡಿಸಿ ಒಂದೇ ಮೊತ್ತ ಬರೆದಿರುತ್ತಾರೆ, ಆಗ ಲೆಕ್ಕವನ್ನು ನೀವೇ ಮಾಡಬೇಕು. ತೆರಿಗೆ 2,000 ರೂಪಾಯಿ ಆದರೆ ಗ್ರಂಥಾಲಯದ ಪಾಲು 120 ರೂಪಾಯಿ. ನಮ್ಮ ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಅದರ ಪ್ರಕಾರ ಈ ಹಣ ಗ್ರಂಥಾಲಯಗಳಿಗೆಂದೇ ಮೀಸಲು.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ದುಡ್ಡು ಕಟ್ಟಿದ ಮೇಲೂ ಅದರ ಸೇವೆ ಪಡೆಯದವರನ್ನು ಕಂಡರೆ ನನಗೆ ಇಂದಿಗೂ ಕಸಿವಿಸಿ. ವರ್ಷ ವರ್ಷವೂ ಲಾಕರಿನ ಬಾಡಿಗೆ ಕಟ್ಟಿ, ಲಾಕರ್ ತೆರೆಯಲು ಮಾತ್ರ ಬಾರದ ಗಿರಾಕಿಗಳು ಆಗ ಇದ್ದರು. ಗ್ರಂಥಾಲಯದ ವಿಷಯದಲ್ಲಿ ನಮ್ಮ ಬಡಾವಣೆಯ ಬಹಳ ಮನೆಗಳು ಹಾಗೆಯೇ ಇವೆ. ಕಟ್ಟುವುದು ಕಟ್ಟುತ್ತೇವೆ, ಬಾಗಿಲು ದಾಟುವುದಿಲ್ಲ.

ಬಾಗಿಲು ದಾಟುವುದಕ್ಕೆ ಈಗೊಂದು ಒಳ್ಳೆಯ ಸಂದರ್ಭ ಬರುತ್ತಿದೆ. ನವೆಂಬರ್ 14 ಮಕ್ಕಳ ದಿನಾಚರಣೆ ಎಂದು ನಿಮಗೆ ಗೊತ್ತು. ಅದೇ ದಿನದಿಂದ 20ರವರೆಗೆ ದೇಶದಾದ್ಯಂತ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. 1968ರಿಂದ ನಡೆದುಕೊಂಡು ಬಂದಿರುವ ಪದ್ಧತಿ ಇದು. ಪುಸ್ತಕ ಪ್ರದರ್ಶನ, ಮಕ್ಕಳಿಗೆ ಸ್ಪರ್ಧೆಗಳು, ಕಥೆ ಹೇಳುವುದು, ಹೊಸ ಸದಸ್ಯರನ್ನು ಸೇರಿಸಿಕೊಳ್ಳುವುದು, ಹೀಗೆ ಒಂದೊಂದು ಗ್ರಂಥಾಲಯದಲ್ಲಿ ಒಂದೊಂದು ಬಗೆ. ಬೆಂಗಳೂರಿನ ಮಕ್ಕಳು ಕಬ್ಬನ್ ಪಾರ್ಕಿನಲ್ಲಿರುವ ಕೆಂಪು ಕಟ್ಟಡವನ್ನು ನೋಡಿರುತ್ತೀರಿ. ಅದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನ, ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಅಲ್ಲಿಯೇ. ಹೊರಗಿನಿಂದ ಫೋಟೋ ತೆಗೆದುಕೊಂಡು ಹೋಗುವವರೇ ಹೆಚ್ಚು. ಈ ಸಲ ಒಳಗೂ ಹೋಗಿ ಬನ್ನಿ.

ಇನ್ನು ನಮ್ಮ ಶಾಖಾ ಗ್ರಂಥಾಲಯದ ವಿಷಯ. ಇದು ಅರಮನೆಯಂಥ ಕಟ್ಟಡವೇನಲ್ಲ. ಒಂದು ಹಾಲು, ಎರಡು ಕೋಣೆ, ಹಿಂದೊಂದು ಸಂಪಿಗೆ ಮರ. ಹಾಲಿನ ಮೂಲೆಯಲ್ಲಿ ಮಕ್ಕಳಿಗೆಂದು ಎರಡು ಬೀರು, ಒಂದು ಗಿಡ್ಡ ಮೇಜು, ಆರು ಪುಟ್ಟ ಕುರ್ಚಿ. ಆ ಕುರ್ಚಿಗಳ ವಿಷಯದಲ್ಲಿ ಈಗೊಂದು ಪೇಚು ಎದ್ದಿದೆ.

ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕಾಯುತ್ತಿರುತ್ತಾರೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ. ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಇರುವವರಿಗೆ ಸದ್ದಿಲ್ಲದೆ ಕುಳಿತು ಓದಲು ಬೇರೆಲ್ಲಿ ಜಾಗವಿದೆ? ಅವರನ್ನು ನಾನು ಎಂದೂ ದೂರುವುದಿಲ್ಲ. ಜಾಗ ಸಾಲದೆ ಕೆಲವರು ಸಂಪಿಗೆ ಮರದ ಕೆಳಗೆ ಕೂತು ಓದುತ್ತಾರೆ. ಹೀಗಿರುವಾಗ ಮಕ್ಕಳ ಮೂಲೆ ಖಾಲಿ ಬಿದ್ದಿದ್ದರೆ ಯಾರಿಗಾದರೂ ಏನನ್ನಿಸುತ್ತದೆ? ಪುಟ್ಟ ಕುರ್ಚಿಗಳನ್ನು ಒಳಗಿಟ್ಟು ದೊಡ್ಡ ಮೇಜು ಹಾಕಿಬಿಡೋಣ ಎಂಬ ಮಾತು ಹುಟ್ಟಿದೆ.

ನಮ್ಮ ಗ್ರಂಥಪಾಲಕಿ ಮೇಡಂ ಮೊನ್ನೆ ಎರವಲು ವಹಿ ತೆಗೆದು ನನ್ನ ಮುಂದಿಟ್ಟರು. “ನೋಡಿ ಸಾರ್, ಮಕ್ಕಳು ಮನೆಗೆ ತಗೊಂಡು ಹೋದ ಪುಸ್ತಕ ಇಷ್ಟೇ. ಕೇಳಿದರೆ ನಾನು ಏನು ತೋರಿಸಲಿ?” ಅಂದರು. ಮಕ್ಕಳ ಪುಟ ಅರ್ಧವೂ ತುಂಬಿರಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿದೆ. ವಹಿಯಲ್ಲಿ ಇರುವುದಷ್ಟೇ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಡಿಸೆಂಬರಿನಲ್ಲಿ ಆ ಮೂಲೆಯ ವಿಷಯ ತೀರ್ಮಾನವಾಗುತ್ತದೆ. ಅದಕ್ಕೇ ನಾವು ನಾಲ್ಕೈದು ಜನ ನಿವೃತ್ತರು ಸೇರಿ, ಈ ಬಾರಿಯ ಸಪ್ತಾಹವನ್ನು ಸ್ವಲ್ಪ ಬೇರೆ ರೀತಿ ಮಾಡೋಣ ಎಂದು ಮೇಡಮ್ಮಿಗೆ ಹೇಳಿದೆವು. ಅವರು ಒಪ್ಪಿದ್ದಾರೆ.

ಮೊದಲ ಬದಲಾವಣೆ ಭಾಷಣದ್ದು. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಅಧ್ಯಕ್ಷರ ಮಾತು, ವಂದನಾರ್ಪಣೆ ಎಲ್ಲ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಮಕ್ಕಳು ಒಬ್ಬರಿಗೊಬ್ಬರು ಚಿವುಟುತ್ತಿರುತ್ತಾರೆ. ಈ ಸಲ 14ರಂದು ಎಲ್ಲ ಸೇರಿ ಅರ್ಧ ಗಂಟೆ. ಶಾಲು ಹಾರಗಳಿಲ್ಲ. ಆಮೇಲೆ ಪ್ರದರ್ಶನದ ಮೇಜಿನ ಮೇಲಿರುವ ಯಾವ ಪುಸ್ತಕವನ್ನಾದರೂ ಮಕ್ಕಳು ಎತ್ತಿಕೊಂಡು ಚಾಪೆಯ ಮೇಲೆ ಕೂತು ಓದಬಹುದು. ‘ಮುಟ್ಟಬೇಡಿ’ ಎಂಬ ಚೀಟಿ ಎಲ್ಲೂ ಇರುವುದಿಲ್ಲ.

15ರಂದು ಅಜ್ಜಿಯರ ಕಥೆ. ಬಡಾವಣೆಯ ಮೂವರು ಅಜ್ಜಿಯರು ಒಪ್ಪಿಕೊಂಡಿದ್ದಾರೆ, ನಾಲ್ಕನೆಯವರು ಮಂಡಿ ನೋವಿನ ಮೇಲೆ ನಿರ್ಧಾರ ಬಿಟ್ಟಿದ್ದಾರೆ. ಶರತ್ತು ಒಂದೇ: ಕಥೆ ಟಿ.ವಿ.ಯದ್ದಾಗಲಿ ಮೊಬೈಲಿನದ್ದಾಗಲಿ ಆಗಿರಬಾರದು, ತಮ್ಮ ಅಜ್ಜಿಯ ಬಾಯಿಂದ ಕೇಳಿದ್ದಾಗಿರಬೇಕು. ಕೇಳಿದ ಕಥೆಯನ್ನು ಮಕ್ಕಳು ಮನೆಯಲ್ಲಿ ಬರೆದು ತರಬೇಕು. ಬರೆದದ್ದನ್ನೆಲ್ಲ ಒಟ್ಟಿಗೆ ಹೊಲಿದು, ರಟ್ಟು ಹಾಕಿ, ನಂಬರು ಕೊಟ್ಟು ಮಕ್ಕಳ ಬೀರುವಿನಲ್ಲಿ ಇಡುತ್ತೇವೆ. ನಿಮ್ಮ ಅಜ್ಜಿ ಹೇಳಿದ, ನೀವು ಬರೆದ ಪುಸ್ತಕವನ್ನು ಇನ್ನೊಬ್ಬ ಹುಡುಗ ಎರವಲು ಪಡೆದು ಮನೆಗೆ ಒಯ್ಯುತ್ತಾನೆ.

17ರ ಸರದಿ ನನ್ನದು. ನಾನು ಹೇಳಲಿರುವುದು ರಾಜರ ಕಥೆಯಲ್ಲ, ಒಬ್ಬ ಲೆಕ್ಕದ ಮೇಷ್ಟರ ಕಥೆ. ಬರಲಾಗದ ದೂರದ ಊರಿನವರಿಗೆಂದು ಇಲ್ಲೇ ಸ್ವಲ್ಪ ಹೇಳಿಬಿಡುತ್ತೇನೆ. ಅವರ ಹೆಸರು ಎಸ್. ಆರ್. ರಂಗನಾಥನ್. ಹುಟ್ಟಿದ್ದು 1892ರಲ್ಲಿ, ತಮಿಳುನಾಡಿನ ಶಿಯಾಳಿಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಸೇರಿದ ಕೆಲವೇ ದಿನಗಳಲ್ಲಿ ಬೇಸರ ಬಂತು. ಸುಮ್ಮನೆ ಕೂರುವ ಕೆಲಸ, ಮಾತಿಗೆ ಜನವಿಲ್ಲ. ಕಾಲೇಜಿನ ಪ್ರಾಂಶುಪಾಲರ ಹತ್ತಿರ ಹೋಗಿ, ನನ್ನ ಹಳೆಯ ಕೆಲಸವನ್ನೇ ಕೊಡಿ ಎಂದು ಕೇಳಿಕೊಂಡರು. ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಾ, ಬಂದ ಮೇಲೂ ಬೇಸರವಿದ್ದರೆ ನೋಡೋಣ ಎಂಬ ಒಪ್ಪಂದವಾಯಿತು.

ಲಂಡನ್ನಿನಲ್ಲಿ ಅವರು ಊರೂರಿನ ಗ್ರಂಥಾಲಯಗಳನ್ನು ಸುತ್ತಿದರು. ಮಕ್ಕಳು, ಕೂಲಿಯವರು, ಗೃಹಿಣಿಯರು ಎಲ್ಲರೂ ಪುಸ್ತಕ ಒಯ್ಯುವುದನ್ನು ಕಂಡರು. ಒಂದು ದಿನ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ತೂತುಗಳಿರುವ ಲೋಹದ ಪಟ್ಟಿ, ಚಕ್ರ, ನಟ್ಟು, ಬೋಲ್ಟು, ಅಷ್ಟೇ. ಅವನ್ನೇ ಬೇರೆ ಬೇರೆಯಾಗಿ ಜೋಡಿಸಿದರೆ ಒಮ್ಮೆ ಸೇತುವೆ, ಒಮ್ಮೆ ಗಾಡಿ, ಒಮ್ಮೆ ಕ್ರೇನು. ಪುಸ್ತಕಗಳ ವಿಷಯವನ್ನೂ ಹೀಗೆ ಸಣ್ಣ ಸಣ್ಣ ತುಂಡುಗಳಿಂದ ಜೋಡಿಸಿ ಗುರುತಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಆ ತುಂಡುಗಳ ನಡುವೆ ಅವರು ಎರಡು ಚುಕ್ಕೆಯ ಗುರುತು ಬಳಸಿದರು. 1933ರಲ್ಲಿ ಪ್ರಕಟವಾದ ಆ ಪದ್ಧತಿಗೆ ದ್ವಿಬಿಂದು ವರ್ಗೀಕರಣ ಎಂದು ಹೆಸರು. ಹಳೆಯ ಕೆಲಸವನ್ನು ಅವರು ಮತ್ತೆ ಕೇಳಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಎತ್ತಿನ ಗಾಡಿ. ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿ ಕಡೆ 1931ರಲ್ಲಿ ಗಾಡಿಯ ತುಂಬ ಪುಸ್ತಕ ಹೇರಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸುವ ಏರ್ಪಾಡು ಆಯಿತು. ಓದುಗ ಪುಸ್ತಕದ ಬಳಿಗೆ ಬರಲಾಗದಿದ್ದರೆ ಪುಸ್ತಕವೇ ಅವನಿದ್ದಲ್ಲಿಗೆ ಹೋಗಬೇಕು ಎಂಬುದು ರಂಗನಾಥನ್ನರ ಹಟ. ಮುಂದೆ, 1950ರ ದಶಕದಲ್ಲಿ, ಮದರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಪತ್ನಿ ಶಾರದಾ ಅವರ ಹೆಸರಿನೊಂದಿಗೆ ಒಂದು ಲಕ್ಷ ರೂಪಾಯಿ ಕೊಟ್ಟರು. ಆ ಕಾಲದ ಒಂದು ಲಕ್ಷ ಎಂದರೆ ಎಷ್ಟೆಂದು ನಿಮ್ಮ ಅಜ್ಜನನ್ನು ಕೇಳಿ. ಕೊನೆಯ ವರ್ಷಗಳಲ್ಲಿ ಅವರು ನಮ್ಮ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲೊಂದು ತರಬೇತಿ ಕೇಂದ್ರ ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಮೆಕ್ಯಾನೊ ಸೆಟ್ಟು ಯಾರ ಮನೆಯಲ್ಲಾದರೂ ಇದ್ದರೆ ಅಂದು ತನ್ನಿ, ಕಥೆ ಹೇಳುವಾಗ ಬೇಕು.

18ರ ಸಂಜೆ ಮೇಷ್ಟರು ನೀವು, ವಿದ್ಯಾರ್ಥಿಗಳು ನಾವು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವನ್ನು ಮೊಬೈಲಿನಲ್ಲಿ ತೆರೆಯುವುದು ಹೇಗೆ, ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು ಮಕ್ಕಳು ಹಿರಿಯರಿಗೆ ಕಲಿಸಬೇಕು. ಕಣ್ಣಿನ ಪೊರೆಯ ಆಪರೇಷನ್ ಆದ ನಮ್ಮಂಥವರಿಗೆ ಅಕ್ಷರ ದೊಡ್ಡದಾಗುವುದೇ ಒಂದು ಹಬ್ಬ. ಒಂದು ವಿನಂತಿ: ಫೋನನ್ನು ನಮ್ಮ ಕೈಯಿಂದ ಕಿತ್ತುಕೊಂಡು ಪಟಪಟನೆ ನೀವೇ ಒತ್ತಿ ಮುಗಿಸಬೇಡಿ. ನಮ್ಮ ಬೆರಳಿನಿಂದಲೇ ಒತ್ತಿಸಿ.

19ರಂದು ‘ಪುಸ್ತಕಗಳ ಆಸ್ಪತ್ರೆ’. ನಾನು ಎಲ್ಲಕ್ಕಿಂತ ಹೆಚ್ಚು ಕಾಯುತ್ತಿರುವುದು ಇದಕ್ಕೇ. ಮಕ್ಕಳ ಬೀರುವಿನ ಎಷ್ಟೋ ಪುಸ್ತಕಗಳಿಗೆ ಬೆನ್ನು ಕಳಚಿದೆ, ಮೊದಲ ಪುಟವೇ ಇಲ್ಲ, ಒಂದಕ್ಕಂತೂ ಕಥೆಯ ಕೊನೆಯಿಲ್ಲ. ಪ್ರೆಸ್ಸಿನಲ್ಲಿ ನಲವತ್ತು ವರ್ಷ ಬೈಂಡಿಂಗ್ ಮಾಡಿದ ಹಿರಿಯರೊಬ್ಬರು ನಮ್ಮ ಪಕ್ಕದ ಬೀದಿಯಲ್ಲಿದ್ದಾರೆ. ಅವರ ಮೊದಲ ಆಜ್ಞೆ, ಸೆಲ್ಲೋಟೇಪು ಒಳಗೆ ಬರಕೂಡದು. ಟೇಪು ಹಚ್ಚಿದಾಗ ಚೆಂದ ಕಾಣುತ್ತದೆ, ಕೆಲವು ವರ್ಷಕ್ಕೆ ಹಳದಿಯಾಗಿ ಒಣಗಿ ಉದುರುತ್ತದೆ. ಅದರ ಜಿಡ್ಡಿನ ಕಲೆ ಮಾತ್ರ ಕಾಗದದಲ್ಲೇ ಉಳಿಯುತ್ತದೆ, ಕೀಳಲು ಹೋದರೆ ಅಕ್ಷರವೂ ಕಿತ್ತು ಬರುತ್ತದೆ. ಅವರದು ಮೈದಾಹಿಟ್ಟಿನ ಗೋಂದು. ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ, ಬಿಳಿ ಬಣ್ಣ ಹೋಗಿ ಹೊಳಪು ಬಂದಾಗ ಇಳಿಸುವುದು. ಹುಳು ಹಿಡಿಯದಿರಲೆಂದು ಬೈಂಡರುಗಳು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಆದ್ದರಿಂದ ಮಕ್ಕಳ ಗೋಂದಿಗೆ ಅದು ಬೇಡ ಎಂದು ತೀರ್ಮಾನಿಸಿದ್ದೇವೆ. ಬಿಡಿ ಹಾಳೆಗಳನ್ನು ಸರಿಯಾಗಿ ಜೋಡಿಸಿ ತಟ್ಟುವುದು, ತೂತು ಕೊಟ್ಟ ಮೇಲೆ ದಪ್ಪ ದಾರ ಪೋಣಿಸುವುದು, ಬೆನ್ನಿಗೆ ಬಟ್ಟೆ ಅಂಟಿಸುವುದು, ರಾತ್ರಿಯಿಡೀ ಭಾರದ ಕೆಳಗೆ ಇಡುವುದು. ದಬ್ಬಳ ಹಿಡಿಯುವುದು ದೊಡ್ಡವರು, ಉಳಿದ ಕೆಲಸವೆಲ್ಲ ನಿಮ್ಮದು. ಹಳೆಯ ಹತ್ತಿ ಬಟ್ಟೆಯ ತುಂಡಿದ್ದರೆ ತೊಳೆದು ತನ್ನಿ. ಪರೀಕ್ಷೆಗೆ ಓದುವ ಅಣ್ಣ ಅಕ್ಕಂದಿರಲ್ಲಿ ಇಬ್ಬರು, ನಾವೂ ಬರುತ್ತೇವೆ ಎಂದಿದ್ದಾರೆ. ಅವರ ಗೈಡುಗಳೂ ಕಿತ್ತುಹೋಗಿವೆಯಂತೆ.

ಉಳಿದ 16ರಂದು ಚಿತ್ರ ಬರೆಯುವುದು, 20ರಂದು ಬಹುಮಾನ. ಬಹುಮಾನವಾಗಿ ಸ್ಟೀಲಿನ ಲೋಟ ಇಲ್ಲ, ಪುಸ್ತಕ.

ಹಳ್ಳಿಯ ಮಕ್ಕಳು, ಇದೆಲ್ಲ ಪೇಟೆಯವರಿಗೆ ಎಂದು ಸುಮ್ಮನಿರಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಸಪ್ತಾಹಕ್ಕೆ ಏನು ಮಾಡುತ್ತೀರಿ ಎಂದು ಈಗಲೇ ಹೋಗಿ ಕೇಳಿ. ಏನೂ ಯೋಚನೆಯಾಗಿಲ್ಲ ಎಂದರೆ, ನಮ್ಮ ಗೋಂದಿನ ವಿಧಾನವನ್ನು ಅವರಿಗೂ ಹೇಳಿ.

ನೋಡಿ, ಏಳು ದಿನವೂ ಬಂದು, ಚಪ್ಪಾಳೆ ತಟ್ಟಿ, ಬಿಸ್ಕತ್ತು ತಿಂದು ಹೋದರೆ ಆ ಪುಟ್ಟ ಕುರ್ಚಿಗಳು ಉಳಿಯುವುದಿಲ್ಲ. ವಹಿಯಲ್ಲಿ ಹೆಸರು ಬರಬೇಕು, ಆಮೇಲೆ ಪುಸ್ತಕಗಳು ಹೋಗಿ ಬರುತ್ತಿರಬೇಕು. ಸಪ್ತಾಹದಲ್ಲಿ ಸೇರಿದ ಮಗು ಡಿಸೆಂಬರಿನೊಳಗೆ ನಾಲ್ಕು ಪುಸ್ತಕ ಒಯ್ದು ಹಿಂದಿರುಗಿಸಿದರೆ ಮೇಡಂ ಕೈಯಲ್ಲಿ ತೋರಿಸಲು ತುಂಬಿದ ಪುಟಗಳಿರುತ್ತವೆ. ಪರೀಕ್ಷೆಯ ಓದುಗರಿಗೆ ಹಿಂದಿನ ಜಗಲಿಗೆ ಶೀಟು ಹಾಕಿಸಿ ಮೇಜು ಕೊಡಬಹುದು ಎಂದು ನಾವು ಬರೆದ ಅರ್ಜಿಯೂ ಸಿದ್ಧವಿದೆ. ಅದಕ್ಕೆ ಬಲ ಬರಬೇಕಾದರೆ ಈ ಪುಟಗಳು ಬೇಕು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಗುವಿನ ಅರ್ಜಿಗೆ ದೊಡ್ಡವರ ಸಹಿ ಬೇಕು. ಮಗ ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಗ್ರಂಥಾಲಯ ಮುಚ್ಚಿರುತ್ತದೆ. ಆದ್ದರಿಂದ ಈ ಕೆಲಸ ನಮ್ಮದೇ. ವಿಳಾಸದ ದಾಖಲೆಯ ಒಂದು ಜೆರಾಕ್ಸ್, ಮಗುವಿನ ಫೋಟೋ, ಠೇವಣಿಗೆ ಸ್ವಲ್ಪ ಹಣ ಇಟ್ಟುಕೊಂಡು ಬನ್ನಿ. ಸದಸ್ಯತ್ವ ಬೇಡವೆಂದಾಗ ಠೇವಣಿ ವಾಪಸು. ಬಡ್ಡಿ ಮಾತ್ರ ಕೇಳಬೇಡಿ, ಅದನ್ನು ಮೊಮ್ಮಕ್ಕಳು ಪುಸ್ತಕದಲ್ಲಿ ವಸೂಲು ಮಾಡಿಕೊಳ್ಳುತ್ತಾರೆ.

ನಮ್ಮಲ್ಲಿ ಸೋಮವಾರ ರಜೆ, ನಿಮ್ಮೂರಿನದು ಬಾಗಿಲ ಬೋರ್ಡಿನಲ್ಲಿ ನೋಡಿಕೊಳ್ಳಿ. ಸಪ್ತಾಹದ ಕಾರ್ಯಕ್ರಮಗಳೆಲ್ಲ ಶಾಲೆ ಬಿಟ್ಟ ಮೇಲೆ, ಸಂಜೆ ನಾಲ್ಕೂವರೆಗೆ. ಅರ್ಜಿ ನಮೂನೆಗಳು ಬಾಗಿಲ ಬಲಗಡೆಯ ಮೇಜಿನ ಮೇಲಿರುತ್ತವೆ. ಆ ಮೇಜಿನ ಹಿಂದೆ ಕೂರುವವನು ನಾನೇ. ಪೆನ್ನು ತರುವುದನ್ನು ಮರೆತರೂ ಪರವಾಗಿಲ್ಲ, ನನ್ನ ಜೇಬಿನಲ್ಲಿ ಮೂರಿರುತ್ತವೆ.