ಕಡತಕ್ಕೊಂದು ಹೊದಿಕೆ

ಕಚೇರಿಯ ಫೈಲಿಗೆ ನಾವಿಂದು ‘ಕಡತ’ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆ. ಬರೆಹದ ಅಗತ್ಯ ತೀರಿದರೆ ಒರೆಸಿ, ಅದರ ಮೇಲೆಯೇ ಮತ್ತೆ ಬರೆಯಬಹುದಾಗಿತ್ತು.

ಇಂದಿನ ಕಡತಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಬಂದಿದೆ. ಧೂಳು, ತೇವಗಳಿಂದ ಅದು ಕಾಗದವನ್ನು ಕಾಯುವುದು ನಿಜ. ಆದರೆ ಓದಿ ಮುಗಿದ ವರದಿಯ ಹೊದಿಕೆಗೆ ಮುಂದೆ ಗತಿಯೇನು? ಕಾಲೇಜಿನಲ್ಲಿ ವರ್ಷವರ್ಷವೂ ರಾಶಿಬೀಳುವ ವಿದ್ಯಾರ್ಥಿಗಳ ಪ್ರಬಂಧಗಳನ್ನು ಕಂಡಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಹೊದಿಕೆಗಳು ಈಗ ದೊರೆಯುತ್ತವೆ. ಆದರೆ ಆ ಹೆಸರೊಂದನ್ನೇ ನಂಬದೆ, ಅದು ಯಾವ ಪ್ಲಾಸ್ಟಿಕ್ಕೆಂದು ವಿಚಾರಿಸಬೇಕು. ತ್ರಿಕೋನದ ಗುರುತಿನಲ್ಲಿ 1 ಎಂದಿದ್ದರೆ ಪೆಟ್; 3 ಎಂದಿದ್ದರೆ ಪಿ.ವಿ.ಸಿ.; 5 ಎಂದಿದ್ದರೆ ಪಾಲಿಪ್ರೊಪಿಲೀನ್. ಪಿ.ವಿ.ಸಿ.ಯನ್ನು ಮೆತ್ತಗೆ ಮಾಡಲು ಬೆರೆಸಿದ ದ್ರವ್ಯ ಕಾಲಕ್ರಮದಲ್ಲಿ ಹೊರಗೆ ಒಸರಿ, ಜೆರಾಕ್ಸ್ ಅಕ್ಷರಗಳು ಕಾಗದವನ್ನು ಬಿಟ್ಟು ಹೊದಿಕೆಗೇ ಅಂಟಿಕೊಳ್ಳುವುದುಂಟು. ಅದನ್ನು ಸುಟ್ಟರಂತೂ ವಿಷಾನಿಲವೇ ಏಳುತ್ತದೆ. ಬಹುಕಾಲ ಉಳಿಯಬೇಕಾದ ಆಸ್ತಿಪತ್ರಕ್ಕಾಗಲಿ, ಲೆಕ್ಕಪತ್ರಕ್ಕಾಗಲಿ ಇಂಥ ಹೊದಿಕೆ ಸಲ್ಲದು. ಪಾಲಿಪ್ರೊಪಿಲೀನಿಗೆ ಈ ದೋಷವಿಲ್ಲ. ಎಷ್ಟು ಸಲ ಮಡಿಸಿದರೂ ಅದು ಬೇಗ ಮುರಿಯದು. ಮರುಬಳಕೆಯದಾದರೆ ಬಣ್ಣ ತುಸು ಮಂಕಾಗಿರಬಹುದು, ಅಷ್ಟೆ.

ರಟ್ಟು, ಲೋಹಗಳನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿದ ಹೊದಿಕೆಯನ್ನು ಕೊಳ್ಳದಿರುವುದು ಲೇಸು. ಬೇರ್ಪಡಿಸಲಾಗದ್ದನ್ನು ಮರಳಿ ಕರಗಿಸುವುದು ಕಷ್ಟ. ಎಲ್ಲಕ್ಕೂ ಮಿಗಿಲಾಗಿ, ಕೆಲಸ ತೀರಿದೊಡನೆ ಸುರುಳಿಯನ್ನು ಬಿಚ್ಚಿ ಹೊದಿಕೆಯನ್ನು ತೆಗೆದಿಡಿ. ಅಳತೆ ಒಂದೇ ಆದರೆ ಮುಂದಿನ ವರ್ಷದ ವರದಿಗೂ ಅದೇ ಸಾಕು. ಹಳೆಯ ಕಡತವನ್ನು ಒರೆಸಿ ಬರೆಯುತ್ತಿದ್ದ ಹಿರಿಯರ ಜಾಣತನವೂ ಇದೇ ಅಲ್ಲವೆ?