ಕೊಳ್ಳುವವರು ಕಡಿಮೆಯಾದಾಗ ಮನೆ ಸಿದ್ಧ ಮಾಡುವುದು

ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. ಪಿತೃಪಕ್ಷದಲ್ಲಿ ಮುಂಗಡ ಕೊಡುವವರು ಇನ್ನೂ ಕಡಿಮೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ರಿಜಿಸ್ಟರ್ ಮಾಡಿಸಲು ಅನೇಕರು ಒಪ್ಪುವುದಿಲ್ಲ. ಇವೆಲ್ಲ ತಿಂಗಳೊಪ್ಪತ್ತಿನ ಮಾತು. ಮಕ್ಕಳ ಶಾಲೆ ಬದಲಿಸುವ ಏಪ್ರಿಲ್, ಮೇ ಬಂತೆಂದರೆ ಬಾಡಿಗೆ ಮನೆ ಕೇಳಿಕೊಂಡು ಮತ್ತೆ ಜನ ಬರುತ್ತಾರೆ. ಆದರೆ ವರ್ಷಗಟ್ಟಲೆ ಎಳೆಯುವ ಮಂದಗತಿಯೂ ಇದೆ. 2020ರಲ್ಲಿ ಕೋವಿಡ್ ಬಂದು ಐಟಿ ಕಂಪನಿಗಳ ನೌಕರರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೊರಟಾಗ ಬೆಂಗಳೂರಿನ ಮಾರತ್ತಹಳ್ಳಿ, ಬಿಟಿಎಂ ಬಡಾವಣೆಯಂಥ ಕಡೆ ಪಿ.ಜಿ.ಗಳು ಬರಿದಾದವು. ಗೇಟಿಗೆ ತೂಗುಹಾಕಿದ ‘ಮನೆ ಬಾಡಿಗೆಗಿದೆ’ ಫಲಕಗಳು ತಿಂಗಳುಗಟ್ಟಲೆ ಇಳಿಯಲಿಲ್ಲ. 2022ರ ಹೊತ್ತಿಗೆ ಅವೇ ಬೀದಿಗಳಲ್ಲಿ ಬಾಡಿಗೆ ಏರತೊಡಗಿತು. ಕಾಯುವ ಶಕ್ತಿ ಇದ್ದವರು ಕಾದರು. ಬಾಡಿಗೆಯನ್ನೇ ನಂಬಿ ಬದುಕುವ ನಿವೃತ್ತರು, ಸಾಲದ ಕಂತು ಕಟ್ಟುತ್ತಿರುವವರು, ಮಗಳ ಓದಿಗೋ ಆಸ್ಪತ್ರೆಯ ಖರ್ಚಿಗೋ ಮನೆ ಮಾರಲೇಬೇಕಾದವರು ಕಾಯಲಾರರು. ಈ ಅಧ್ಯಾಯ ಅವರಿಗಾಗಿ.

ಮಾರುಕಟ್ಟೆ ಬಿರುಸಾಗಿರುವಾಗ ಮನೆ ನೋಡಲು ಬಂದವನಿಗೆ ಅವಸರವಿರುತ್ತದೆ. ತಾನು ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಾನೆಂಬ ಅಳುಕಿನಲ್ಲಿ ಕಣ್ಣಿಗೆ ಬಿದ್ದ ಕೊರತೆಯನ್ನೂ ನುಂಗಿಕೊಂಡು ಮುಂಗಡ ಕೊಡುತ್ತಾನೆ. ಮಾರುಕಟ್ಟೆ ತಣ್ಣಗಾದಾಗ ಅವನಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಹತ್ತು ಮನೆ ನೋಡುತ್ತಾನೆ, ಒಂದೊಂದರಲ್ಲೂ ಬೇಡವೆನ್ನಲು ಕಾರಣ ಹುಡುಕುತ್ತಾನೆ. ಆದ್ದರಿಂದ ಇಂಥ ಕಾಲದಲ್ಲಿ ಮನೆಯನ್ನು ಸಿಂಗರಿಸುವುದಕ್ಕಿಂತ, ನೋಡುವವರ ಮನಸ್ಸಿನಲ್ಲಿ ಏಳುವ ಅನುಮಾನಗಳನ್ನು ಮೊದಲೇ ಊಹಿಸಿ ಒಂದೊಂದಾಗಿ ಪರಿಹರಿಸುವುದು ಹೆಚ್ಚು ಫಲ ಕೊಡುತ್ತದೆ.

ಬಣ್ಣಕ್ಕೂ ಮೊದಲು ಬೀರು

ಮಾರುವ ಯೋಚನೆ ಬಂದ ಕೂಡಲೇ ಬಹುತೇಕರು ಪೇಂಟರ್‌ನನ್ನು ಕರೆಸುತ್ತಾರೆ. ಮೊದಲು ತೆಗೆಯಬೇಕಾದದ್ದು ಕಾಗದಪತ್ರ ಇಟ್ಟ ಬೀರುವಿನ ಬಾಗಿಲು. ನಮ್ಮ ಕಡೆ ಮನೆ ವ್ಯಾಪಾರ ಮುರಿದು ಬೀಳುವುದು ಗೋಡೆಯ ಬಣ್ಣಕ್ಕಿಂತ ಹೆಚ್ಚಾಗಿ ಪತ್ರಗಳ ಕಾರಣಕ್ಕೆ.

ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುವ ಮನೆಗಳು ಎಷ್ಟೋ. ತಂದೆ ಉಯಿಲು ಬರೆಯದೆ ಹೋಗಿದ್ದರೆ, ಅವರು ಸ್ವಂತ ದುಡಿಮೆಯಿಂದ ಕಟ್ಟಿದ ಮನೆಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ಆಕೆ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಮದುವೆಯಾಗಿ ಹೋದ ತಂಗಿಯ ಸಹಿ ಇಲ್ಲದ ಕ್ರಯಪತ್ರವನ್ನು ಯಾವ ವಕೀಲರೂ ಒಪ್ಪಲಾರರು, ಒಪ್ಪಲೂಬಾರದು. ಅಕ್ಕತಂಗಿಯರನ್ನು ರಿಜಿಸ್ಟರ್ ದಿನ ಫೋನ್ ಮಾಡಿ ‘ಒಂದು ಸಹಿ ಹಾಕಿ ಹೋಗಮ್ಮ’ ಎಂದು ಕರೆಯುವ ರೂಢಿ ಅನ್ಯಾಯದ್ದು, ಅಪಾಯದ್ದೂ ಹೌದು. ಅವರ ಪಾಲಿನ ಮಾತು ಮನೆ ನೋಡಲು ಜನ ಬರುವ ಮುಂಚೆಯೇ ಇತ್ಯರ್ಥವಾಗಬೇಕು. ನಾಡಕಚೇರಿಯಿಂದ ವಂಶವೃಕ್ಷ ಪಡೆದು, ಖಾತೆ ಬದಲಾಯಿಸಿಕೊಂಡರೆ ಅರ್ಧ ಭಾರ ಇಳಿದಂತೆ.

2024ರ ಅಕ್ಟೋಬರ್ ನಂತರ ರಾಜ್ಯದ ನಗರ, ಪಟ್ಟಣಗಳಲ್ಲಿ ಇ-ಖಾತೆ ಇಲ್ಲದೆ ನೋಂದಣಿ ನಡೆಯುವುದಿಲ್ಲ. ಗ್ರಾಮ ಪಂಚಾಯತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಹಳೆಯ ಕ್ರಯಪತ್ರದಲ್ಲಿರುವ ಅಳತೆಗೂ ಖಾತೆಯಲ್ಲಿರುವ ಅಳತೆಗೂ ವ್ಯತ್ಯಾಸವಿದ್ದರೆ ಅದನ್ನು ಸರಿಪಡಿಸಲು ಸಮಯ ಹಿಡಿಯುತ್ತದೆ. ಕೊಳ್ಳುವವರು ಸಿಕ್ಕ ಮೇಲೆ ಇದಕ್ಕೆ ಓಡಾಡಲು ಹೊರಟರೆ ಅವರು ಅಷ್ಟು ದಿನ ಕಾಯುವುದಿಲ್ಲ.

ಋಣಭಾರ ಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದವನ್ನು, ಕಾವೇರಿ 2.0 ಜಾಲತಾಣದಲ್ಲಿ ತಾವೇ ತೆಗೆದು ಓದಬೇಕು. ಎಂದೋ ತೀರಿಸಿದ ಗೃಹಸಾಲ ಅದರಲ್ಲಿ ಇನ್ನೂ ಕಾಣಿಸುತ್ತಿರುವುದು ಸಾಮಾನ್ಯ. ಬ್ಯಾಂಕಿನಿಂದ ಸಾಲ ತೀರಿದ ಪತ್ರ ಪಡೆದು, ಉಪನೋಂದಣಿ ಕಚೇರಿಯಲ್ಲಿ ಅಡಮಾನದ ಬಿಡುಗಡೆಯನ್ನು ನೋಂದಾಯಿಸಿದರೆ ಮಾತ್ರ ಆ ನಮೂದಿನ ಅನುಮಾನ ಹೋಗುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಬ್ಯಾಂಕು ಹಿಂದಿರುಗಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 1ರಿಂದ ನಿಯಮ ಮಾಡಿದೆ. ಇದನ್ನು ಕೇಳಿ ಪಡೆಯುವ ಧೈರ್ಯ ನಮ್ಮವರಲ್ಲಿ ಇನ್ನೂ ಬರಬೇಕು.

ಮಕ್ಕಳು ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು, ಮೈಸೂರಿನ ಅಥವಾ ಉಡುಪಿಯ ತಂದೆತಾಯಿಯ ಮನೆ ಬೀಗ ಹಾಕಿಕೊಂಡಿದ್ದರೆ ಇನ್ನೆರಡು ಕೆಲಸಗಳಿವೆ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರಕ್ಕೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಹಾಕಿಸಬೇಕು. ಅನಿವಾಸಿಯಿಂದ ಮನೆ ಕೊಳ್ಳುವವರು ಮಾಮೂಲಿ ಶೇ. 1ಕ್ಕಿಂತ ಬಹಳ ಹೆಚ್ಚು ತೆರಿಗೆ ಮುರಿದುಕೊಳ್ಳಬೇಕಾಗುತ್ತದೆ. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಇದನ್ನು ಮೊದಲೇ ಹೇಳದೆ ಕೊನೆಯ ಗಳಿಗೆಯಲ್ಲಿ ಬಾಯಿ ಬಿಟ್ಟರೆ ಕೊಳ್ಳುವವರು ಬೆದರುತ್ತಾರೆ.

ತೇವ, ನೀರು, ಬೆಳಕು

ಮನೆಯೊಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಗೋಡೆಯ ತೇವದ ಕಡೆಗೆ. ತೇವದ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಸುವುದು ಅತಿ ದುಬಾರಿಯಾದ ಉಳಿತಾಯ. ಒಳಗಿನ ನೀರು ಹೊರಬರಲು ದಾರಿ ಹುಡುಕುತ್ತಲೇ ಇರುತ್ತದೆ. ಒಂದು ಮಳೆಗಾಲದಲ್ಲಿ ಬಣ್ಣ ಉಬ್ಬಿ ಚಕ್ಕೆ ಏಳುತ್ತದೆ, ಇಟ್ಟಿಗೆಯೊಳಗಿನ ಲವಣ ಬಿಳಿ ಪುಡಿಯಾಗಿ ಮೇಲೆ ಬರುತ್ತದೆ. ಹೊಸ ಬಣ್ಣದ ವಾಸನೆ ಇರುವ ಒಂದೇ ಒಂದು ಗೋಡೆ ಕಂಡರೂ ಅನುಭವಿಗಳು ಅಲ್ಲಿಗೇ ಹೋಗಿ ಅಂಗೈ ಇಟ್ಟು ನೋಡುತ್ತಾರೆ.

ತೇವ ಎಲ್ಲಿಂದ ಬಂತೆಂಬುದನ್ನು ಅದು ಕಾಣಿಸಿಕೊಂಡ ಜಾಗವೇ ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಉದ್ದಕ್ಕೂ ಪಟ್ಟಿಯಂತೆ ಇದ್ದರೆ ಅದು ಬುನಾದಿಯಿಂದ ಮೇಲೇರಿದ ತೇವ. ಚಾವಣಿಯಲ್ಲಿ ಕಂದು ಉಂಗುರಗಳಂತೆ ಕಂಡರೆ ತಾರಸಿಯದ್ದು. ಬಚ್ಚಲುಮನೆಯ ಹಿಂಬದಿಯ ಗೋಡೆಯಲ್ಲಿ ಮಾತ್ರ ಇದ್ದರೆ ಪೈಪಿನದೋ ಟೈಲ್ಸ್ ಸಂದಿಯದೋ ಸೋರಿಕೆ. ತಾರಸಿಯನ್ನು ಪರೀಕ್ಷಿಸಲು ನೀರು ಹೊರಹೋಗುವ ತೂಬುಗಳನ್ನು ಬಟ್ಟೆ ತುರುಕಿ ಮುಚ್ಚಿ, ಒಂದೆರಡು ಅಂಗುಲ ನೀರು ನಿಲ್ಲಿಸಿ ಒಂದು ದಿನ ಬಿಟ್ಟು ಕೆಳಗಿನಿಂದ ನೋಡಿದರೆ ಸಾಕು. ಮೂಲ ಸಿಕ್ಕ ಮೇಲೆ ಆ ಭಾಗದ ಗಾರೆ ಕೆತ್ತಿ, ಸೋರಿಕೆ ನಿಲ್ಲಿಸಿ, ಗೋಡೆ ಪೂರ್ತಿ ಒಣಗುವವರೆಗೆ ಬಿಟ್ಟು ಆಮೇಲೆ ಬಣ್ಣ. ಒಣಗಲು ಬಿಸಿಲು ಬೇಕಾದ್ದರಿಂದ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ, ಪಕಾಸು ರೀಪುಗಳಲ್ಲಿ ಗೆದ್ದಲು ಹತ್ತಿದೆಯೇ ಎಂದು ತಟ್ಟಿ ನೋಡಿಸುವುದು ಇದೇ ಸಾಲಿಗೆ ಸೇರಿದ್ದು.

ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಬಗ್ಗೆ ಒಂದು ಮಾತು. ಮಾರುವ ಮುನ್ನ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ದಶಕಗಳ ಓಡಾಟದಿಂದ ಕನ್ನಡಿಯಂತಾದ ಆ ನೆಲವನ್ನು ಹಾಗೆ ಹಾಕಬಲ್ಲ ಗಾರೆಯವರು ಈಗ ವಿರಳ. ಅದನ್ನೇ ಬಯಸಿ ಬರುವ ಕೊಳ್ಳುವವರೂ ಇದ್ದಾರೆ. ತೊಳೆದು, ಮೇಣ ಹಚ್ಚಿ ಉಜ್ಜಿಸಿದರೆ ಸಾಕು. ಇದೇ ರೀತಿ ಮಾಡ್ಯುಲರ್ ಅಡುಗೆಮನೆ, ಫಾಲ್ಸ್ ಸೀಲಿಂಗ್ ಮುಂತಾದವಕ್ಕೆ ಸಾಲ ಮಾಡಿ ಸುರಿದ ಹಣ ಮಂದ ಮಾರುಕಟ್ಟೆಯಲ್ಲಿ ವಾಪಸು ಬರುವುದು ಕಷ್ಟ. ಹೊಸಬರ ರುಚಿಯೇ ಬೇರೆ ಇರುತ್ತದೆ.

ನೀರಿನ ಪ್ರಶ್ನೆಗೆ 2024ರ ಬೇಸಿಗೆಯ ನಂತರ ಬೆಂಗಳೂರಿನಲ್ಲಿ ತೂಕ ಹೆಚ್ಚಿದೆ. ಆ ವರ್ಷ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕಾದು ಕುಳಿತವರು ಈಗ ಮೊದಲು ಕೇಳುವುದೇ ‘ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ?’ ಎಂದು. ಹುಬ್ಬಳ್ಳಿ-ಧಾರವಾಡದಲ್ಲಂತೂ ಒಂದು ಬಡಾವಣೆಗೆ ಸದಾ ನೀರು, ಇನ್ನೊಂದಕ್ಕೆ ದಿನಗಟ್ಟಲೆ ಕಾಯುವ ಪಾಡು ಎಂಬ ಅಂತರವನ್ನು ಜನ ಕಂಡಿದ್ದಾರೆ. ಸಂಪ್ ಎಷ್ಟು ಲೀಟರಿನದು, ನೀರು ಯಾವ ದಿನ ಬರುತ್ತದೆ, ಬೋರ್‌ವೆಲ್ ಬೇಸಿಗೆಯಲ್ಲಿ ಎಷ್ಟು ಹೊತ್ತು ನೀರು ಕೊಡುತ್ತದೆ ಎಂಬುದನ್ನು ಇದ್ದಂತೆ ಹೇಳಿ; ಹಿಂದಿನ ಕೆಲವು ತಿಂಗಳ ನೀರಿನ ಬಿಲ್ಲನ್ನೂ ತೋರಿಸಿ. ಸಂಪ್ ಮತ್ತು ಮೇಲಿನ ಟ್ಯಾಂಕ್ ತೊಳೆಸಿ. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ: 60×40ರ ಹಳೆಯ ಮನೆಗಳಿಗೆ, 30×40ರ ಹೊಸ ಮನೆಗಳಿಗೆ. ಹಾಕಿಸಿದ್ದು ಕೆಟ್ಟು ನಿಂತಿದ್ದರೆ ಸೋಸುವ ತೊಟ್ಟಿಯ ಕಸ ತೆಗೆಸಿ, ಕೆಲಸ ಮಾಡುವಂತೆ ಮಾಡಿ.

ಬೀಗ ಹಾಕಿದ ಮನೆಯಲ್ಲಿ ಒಂದು ಕೆಟ್ಟ ವಾಸನೆ ಇರುತ್ತದೆ. ಬಚ್ಚಲಿನ ಟ್ರ್ಯಾಪ್‌ನಲ್ಲಿ ಸದಾ ನಿಂತಿರಬೇಕಾದ ನೀರು ಬಳಕೆಯಿಲ್ಲದೆ ಆರಿಹೋಗಿ, ಚರಂಡಿಯ ಗಾಳಿ ನೇರ ಒಳಗೆ ಬರುವುದೇ ಇದಕ್ಕೆ ಕಾರಣ. ವಾರಕ್ಕೊಮ್ಮೆ ಪ್ರತಿ ಬಚ್ಚಲಿಗೂ ಒಂದು ಬಕೆಟ್ ನೀರು ಸುರಿದು, ಕಿಟಕಿ ತೆಗೆದಿಟ್ಟರೆ ವಾಸನೆ ಹೋಗುತ್ತದೆ. ಖರ್ಚೇ ಇಲ್ಲದ ಈ ಕೆಲಸ ಮಾಡದೆ ಊದಿನಕಡ್ಡಿ ಹಚ್ಚಿದರೆ ಬಂದವರ ಅನುಮಾನ ಇನ್ನೂ ಹೆಚ್ಚುತ್ತದೆ. ಅಟ್ಟದ ಮೇಲಿನ ಹಳೆಯ ಪಾತ್ರೆ, ಕಿಟಕಿಗೆ ಒತ್ತಿಕೊಂಡ ಬೀರು, ಉರಿಯದ ಬಲ್ಬು ಇವನ್ನು ತೆಗೆದ ದಿನ ಅದೇ ಕೋಣೆ ದೊಡ್ಡದಾಗಿ ಕಾಣುತ್ತದೆ.

ಕರೆಂಟಿನಲ್ಲಿ ಬಾಡಿಗೆದಾರರು ತಪ್ಪದೆ ವಿಚಾರಿಸುವ ವಿಷಯವೊಂದಿದೆ. 2023ರ ಜುಲೈ ತಿಂಗಳ ಬಳಕೆಯಿಂದ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತಿಗೆ ಅವಕಾಶವಿದೆ. ಆದರೆ ಹಿಂದಿನವರ ಆಧಾರ್ ಆ ಮೀಟರಿನ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿ ಉಳಿದಿದ್ದರೆ ಹೊಸಬರಿಗೆ ಅರ್ಜಿ ಹಾಕಲಾಗುವುದಿಲ್ಲ. ಮನೆ ಖಾಲಿ ಮಾಡುವವರಿಂದ ಸೇವಾ ಸಿಂಧುವಿನಲ್ಲಿ ಜೋಡಣೆ ತೆಗೆಸಿಕೊಂಡೇ ಅಡ್ವಾನ್ಸ್ ಹಿಂದಿರುಗಿಸುವುದು ಒಳ್ಳೆಯದು. ಎರಡು ಮೂರು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಬೇರೆ ಬೇರೆ ಮಾಡಿಸಿ.

ಬೆಲೆಯ ಲೆಕ್ಕ

ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆ ಎರಡು ತಿಂಗಳು ಖಾಲಿ ಬಿದ್ದರೆ 40,000 ನಷ್ಟ. ಅದನ್ನೇ 18,500ಕ್ಕೆ ಇಳಿಸಿ ಕೂಡಲೇ ಕೊಟ್ಟಿದ್ದರೆ ಇಡೀ ವರ್ಷದ ನಷ್ಟ 18,000. ಹಟ ಹಿಡಿದು ಕೂತವರು ಈ ಲೆಕ್ಕ ಹಾಕಿರುವುದಿಲ್ಲ. ಬಾಡಿಗೆ ಇಳಿಸುವುದಕ್ಕಿಂತಲೂ ಹಗುರವಾದ ದಾರಿ ಅಡ್ವಾನ್ಸ್ ಇಳಿಸುವುದು. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಎರಡು ಲಕ್ಷ. ಅದನ್ನು ಐದು ತಿಂಗಳಿಗೆ ಇಳಿಸಿದರೆ ಮನೆಯವರಿಗೆ ಹೋಗುವುದು ಒಂದು ಲಕ್ಷದ ಮೇಲಿನ ಬಡ್ಡಿ ಮಾತ್ರ. ಶೇ. 6ರಂತೆ ವರ್ಷಕ್ಕೆ 6,000, ತಿಂಗಳಿಗೆ 500 ರೂಪಾಯಿ. ಹೊಸ ಕೆಲಸಕ್ಕೆ ಸೇರಿದ ದಂಪತಿಗೆ ಅದು ಒಮ್ಮೆಲೇ ಹೊಂದಿಸಬೇಕಾದ ಒಂದು ಲಕ್ಷ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಸಾಕೆಂದಿದೆ.

ಮಾರುವವರು ಎದುರು ಮನೆಯವರು ಬಾಯಿಮಾತಿನಲ್ಲಿ ಹೇಳಿದ ಬೆಲೆಯನ್ನು ನಂಬಬಾರದು. ಅದೇ ಬೀದಿಯಲ್ಲಿ ಇತ್ತೀಚೆಗೆ ನಿಜವಾಗಿ ನಡೆದ ಕ್ರಯಗಳನ್ನು ವಿಚಾರಿಸಬೇಕು. ಕೊಳ್ಳುವವರು ನೋಂದಣಿ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ನಗರದಲ್ಲಿ 45 ಲಕ್ಷಕ್ಕೆ ಮೇಲ್ಪಟ್ಟ ಮನೆಗೆ ಮುದ್ರಾಂಕ ಶುಲ್ಕವೂ ಸೇರಿ ಒಟ್ಟು ಶೇ. 7.6. ಅರವತ್ತು ಲಕ್ಷದ ಮನೆಗೆ ಇದು ನಾಲ್ಕೂವರೆ ಲಕ್ಷ ದಾಟುತ್ತದೆ. ಮಂದಗತಿಯಲ್ಲಿ ಇನ್ನೊಂದು ತೊಡಕು: ರಾಜ್ಯದ ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್ 1ರಂದು ಪರಿಷ್ಕಾರವಾಗಿದೆ, ಸಿಗುವ ಬೆಲೆ ಅದಕ್ಕಿಂತ ಕೆಳಗೆ ಹೋಗಬಹುದು. ವ್ಯತ್ಯಾಸ ಶೇ. 10ನ್ನು ಮೀರಿದರೆ ಆದಾಯ ತೆರಿಗೆಯವರು ಮಾರ್ಗಸೂಚಿ ಬೆಲೆಯೇ ಬಂದಿದೆಯೆಂದು ಲೆಕ್ಕ ಹಿಡಿಯುತ್ತಾರೆ. ಮಾತು ಕೊಡುವ ಮೊದಲು ಆಡಿಟರ್ ಬಳಿ ಒಮ್ಮೆ ಕೂರುವುದು ಒಳಿತು.

ಮೊದಲ ತಿಂಗಳಲ್ಲೇ ಹೊಂದುವ ಬೆಲೆ ಹೇಳುವುದು ಮುಖ್ಯ. ಹೆಚ್ಚು ಹೇಳಿ ಆಮೇಲೆ ಇಳಿಸೋಣವೆಂದು ಕೂತರೆ, ಅಷ್ಟರಲ್ಲಿ ‘ಆ ಮನೆ ಇನ್ನೂ ಹೋಗಿಲ್ವಾ? ಏನೋ ತಕರಾರು ಇರಬೇಕು’ ಎಂಬ ಮಾತು ಬ್ರೋಕರ್‌ಗಳ ಬಾಯಲ್ಲಿ ಸುತ್ತತೊಡಗುತ್ತದೆ. ನಿಜವಾಗಿಯೂ ಇರುವ ಕೊರತೆಯನ್ನು ಮಾತ್ರ ತಾವೇ ತೋರಿಸಬೇಕು. ಗೋಡೆಯಲ್ಲಿ ಓರೆಯಾಗಿ ಹೋದ ಬಿರುಕಿದ್ದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಅವರು ಬರೆದುಕೊಟ್ಟದ್ದನ್ನು ಪತ್ರಗಳ ಜೊತೆ ಇಡಿ. ಮುಚ್ಚಿಟ್ಟ ಬಿರುಕು ಕಂಡವರಿಗೆ ಕಾಣದ ಹತ್ತು ಬಿರುಕುಗಳ ಭಯ ಹುಟ್ಟುತ್ತದೆ.

ಬಾಡಿಗೆಗೆ ಕೊಡುವವರಲ್ಲಿ ಇನ್ನೊಂದು ಬಾಗಿಲು ಮುಚ್ಚಿಯೇ ಇರುತ್ತದೆ. ಇಂಥ ಜಾತಿಯವರಿಗೆ ಕೊಡೆವು, ಮಾಂಸ ತಿನ್ನುವವರಿಗೆ ಕೊಡೆವು, ಒಂಟಿ ಹೆಣ್ಣುಮಕ್ಕಳಿಗೆ ಕೊಡೆವು ಎನ್ನುತ್ತ ಮನೆ ಖಾಲಿ ಬಿದ್ದಿದೆ ಎಂದು ಕೊರಗುವವರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಯಾವ ಕಾಲಕ್ಕೂ ಇದು ತಪ್ಪು. ಮಂದ ಕಾಲದಲ್ಲಿ ತಮ್ಮ ಹೊಟ್ಟೆಯ ಮೇಲೂ ಹೊಡೆತ. ಬಾಡಿಗೆ ಸರಿಯಾಗಿ ಬರುತ್ತದೆಯೇ, ಮನೆ ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ ಎಂಬುದಷ್ಟೇ ಮನೆಯವರಿಗೆ ಬೇಕಾದದ್ದು. ಅದಕ್ಕೆ ಕೆಲಸದ ಪತ್ರ ಕೇಳಿ, ಹಿಂದೆ ಇದ್ದ ಮನೆಯ ಮಾಲೀಕರೊಡನೆ ಮಾತಾಡಿ, ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡಿ. ಕರಾರು ಬರೆಯಿಸಿ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕಾದ್ದರಿಂದ 11 ತಿಂಗಳ ರೂಢಿ ಬಂದಿದೆ. ಕೀಲಿ ಕೊಡುವ ದಿನ ಗೋಡೆ, ನಲ್ಲಿ, ಸ್ವಿಚ್‌ಗಳ ಫೋಟೊ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಮನೆ ಬಿಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುವಿರಿ ಎಂಬುದನ್ನು ಆ ಕರಾರಿನಲ್ಲೇ ಬರೆಯಿಸಿ.