ಫೋಟೋದ ಬೆನ್ನ ಮೇಲಿನ ವಿಳಾಸ

ಒಂದು ರಾತ್ರಿ ನಮ್ಮ ಡೆಸ್ಕ್‌ಗೆ ಇಮೇಲ್‌ನಲ್ಲಿ ನಾಲ್ಕು ಫೋಟೋ ಬಂದವು. ಹೊಳೆಯಲ್ಲಿ ಅಕ್ರಮವಾಗಿ ಮರಳು ತುಂಬುತ್ತಿದ್ದ ಲಾರಿಗಳು. ಕಳಿಸಿದವರು ಕೇಳಿದ್ದು ಒಂದೇ: "ಸರ್, ನನ್ನ ಹೆಸರು ಮಾತ್ರ ಬೇಡ."

ಹೆಸರು ತೆಗೆದ್ವಿ. ಫೈಲ್‌ಗಳನ್ನ ಹಾಗೇ ವೆಬ್‌ಸೈಟ್‌ಗೆ ಏರಿಸೋದಿತ್ತು. ಎಂಜಿನಿಯರಿಂಗ್ ಓದಿದವನ ಹಳೇ ಚಟ, ಪ್ರಾಪರ್ಟೀಸ್ ತೆರೆದು ನೋಡಿದೆ. ಅಕ್ಷಾಂಶ, ರೇಖಾಂಶ ಎರಡೂ ಇದ್ದವು. ಮ್ಯಾಪ್‌ಗೆ ಹಾಕಿದರೆ ಹೊಳೆದಂಡೆಯ ಒಂದು ಮನೆ. ಅವರು ತಮ್ಮ ಮಾಳಿಗೆ ಮೇಲೆ ನಿಂತೇ ಫೋಟೋ ತೆಗೆದಿದ್ದರು. ಹೆಸರು ಮುಚ್ಚಿಟ್ಟು ವಿಳಾಸ ಕೊಡೋಕೆ ಹೊರಟಿದ್ವಿ ನಾವು!

ಹಿಂದೆ ಫೋಟೋದ ಬೆನ್ನಿಗೆ ಪೆನ್ನಿನಲ್ಲಿ ಊರು, ತಾರೀಖು ಬರೆದಿಡ್ತಿದ್ರಲ್ಲ, ಆ ಕೆಲಸವನ್ನ ಈಗ ಮೊಬೈಲ್ ತಾನೇ ಮಾಡುತ್ತೆ. ಇದಕ್ಕೆ ಎಕ್ಸಿಫ್ ಮೆಟಾಡೇಟಾ ಅಂತಾರೆ. ದಿನ, ಸಮಯ, ಫೋನಿನ ಮಾಡೆಲ್, ಲೊಕೇಶನ್ ಆನ್ ಇದ್ದರೆ ನಿಂತ ಜಾಗ, ಎಲ್ಲವೂ ಫೈಲ್‌ನೊಳಗೇ ಇರುತ್ತೆ.

2012ರ ಡಿಸೆಂಬರ್‌ನಲ್ಲಿ ಆಂಟಿವೈರಸ್ ಖ್ಯಾತಿಯ ಜಾನ್ ಮೆಕಫಿ ತಲೆಮರೆಸಿಕೊಂಡಿದ್ದರು. ನೆರೆಮನೆಯವರ ಕೊಲೆ ವಿಚಾರವಾಗಿ ಬೆಲೀಜ್ ಪೊಲೀಸರು ಅವರನ್ನು ಪ್ರಶ್ನಿಸಬೇಕಿತ್ತು. ಜೊತೆಗಿದ್ದ ವೈಸ್ ಪತ್ರಿಕೆ ಐಫೋನ್‌ನಲ್ಲಿ ತೆಗೆದ ಒಂದು ಫೋಟೋ ಹಾಕಿತು. ಅದರೊಳಗಿನ ಜಿಪಿಎಸ್ ಅವರು ಗ್ವಾಟೆಮಾಲಾದಲ್ಲಿದ್ದಾರೆ ಅಂತ ಹೇಳಿಬಿಡ್ತು. ಕೆಲವೇ ದಿನಗಳಲ್ಲಿ ಅಲ್ಲೇ ಬಂಧನವಾಯ್ತು.

ಹಾಗಾದ್ರೆ ಎಲ್ಲಾ ಅಳಿಸಿಬಿಡೋಣ್ವಾ? ಅವಸರ ಬೇಡ. ಇದೇ ಮರಳಿನ ಫೋಟೋ ನಾಳೆ ತನಿಖೆಗೆ ಹೋದರೆ, ಯಾವಾಗಿನದ್ದು, ಎಲ್ಲಿಯದ್ದು ಅಂತ ಕೇಳ್ತಾರೆ. ಮೆಟಾಡೇಟಾ ತಿದ್ದೋಕೂ ಬರುತ್ತೆ, ಹಾಗಾಗಿ ಅದೊಂದೇ ಪುರಾವೆ ಆಗಲ್ಲ. ಆದರೂ ಪರಿಶೀಲನೆಗೆ ಅದೊಂದು ದೊಡ್ಡ ಆಧಾರ. ಮೂಲವನ್ನೇ ಅಳಿಸಿದರೆ ಆ ಆಧಾರವೂ ಹೋಯ್ತು.

ಅದಕ್ಕೇ ನನ್ನ ಲೆಕ್ಕ ಸರಳ: ಮೂಲ ಮುಟ್ಟಬೇಡಿ, ಹಂಚುವ ಪ್ರತಿಯನ್ನ ಮಾತ್ರ ತೊಳೆಯಿರಿ. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್‌ನ ಡೀಟೇಲ್ಸ್‌ಗೆ ಹೋದರೆ, ವಿವರ ತೆಗೆದ ಬೇರೆ ಪ್ರತಿಯನ್ನ ಅದೇ ಮಾಡಿಕೊಡುತ್ತೆ. ಐಫೋನ್‌ನಲ್ಲಿ ಶೇರ್ ಮಾಡುವಾಗ ಆಪ್ಷನ್ಸ್ ಒತ್ತಿ ಲೊಕೇಶನ್ ಆಫ್ ಮಾಡಬಹುದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಈ ವಿವರ ಉದುರಿಹೋಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ, ಇಮೇಲ್‌ಗೆ ಲಗತ್ತಿಸಿದರೆ ಹಾಗೇ ಹೋಗುತ್ತೆ.

ಆ ರಾತ್ರಿ ಪ್ರತಿಗಳನ್ನ ತೊಳೆದ್ವಿ. ಅಷ್ಟು ಸಾಲದು ಅನ್ನಿಸ್ತು. ಮೂಲೆಯಲ್ಲಿ ಅವರ ಮಾಳಿಗೆಯ ಕಂಬಿ ಕಾಣ್ತಿತ್ತು, ಅದನ್ನೂ ಕತ್ತರಿಸಿದ್ವಿ. ಮೂಲ ಫೈಲ್‌ಗಳು ಬೀರುವಿನೊಳಗೆ ಪೆನ್‌ಡ್ರೈವ್‌ನಲ್ಲಿ ಭದ್ರವಾಗಿವೆ. ನಂಬಿ ಕಳಿಸಿದವರಿಗೆ ನಾವು ಕೊಡಬೇಕಾದ ಕನಿಷ್ಠ ರಕ್ಷಣೆ ಇದು.